ಯಾರಿಗೆ ಯಾವ ಸೀಟು

ಮಾರ್ಚ್ ತಿಂಗಳ ಪರೀಕ್ಷೆಗಳು ಮುಗಿಯುತ್ತಾ ಬಂದಂತೆ ನಮ್ಮ ಬಡಾವಣೆಗಳ ಸಂಜೆಯ ಮಾತು ಬದಲಾಗುತ್ತದೆ. ಪಾರ್ಕಿನ ಕಲ್ಲುಬೆಂಚಿನ ಮೇಲಾಗಲಿ, ಹಾಲಿನ ಬೂತಿನ ಮುಂದಾಗಲಿ ವೀಸಾ, ಟಿಕೆಟ್ಟು, ಸೂಟ್‌ಕೇಸಿನ ತೂಕ ಇವೇ ಕೇಳಿಬರುತ್ತವೆ. ಮಗಳು ಸ್ಯಾನ್ ಹೋಸೆಯಲ್ಲಿ, ಮಗ ಡಲ್ಲಾಸ್‌ನಲ್ಲಿ. ಮೊಮ್ಮಗುವನ್ನು ನೋಡಬೇಕು, ಹಾಗೇ ಒಂದಿಷ್ಟು ಊರು ಸುತ್ತಬೇಕು. ಬೆಂಗಳೂರಿನ ಜಯನಗರವಿರಲಿ, ಮೈಸೂರಿನ ಕುವೆಂಪುನಗರವಿರಲಿ, ಇಂಥ ಒಂದು ಮನೆಯಾದರೂ ಇಲ್ಲದ ಬೀದಿ ಸಿಗುವುದು ಕಷ್ಟ. ಹಿಂದೆಲ್ಲ ಟಿಕೆಟ್ಟು ಸಿಕ್ಕರೆ ಸಾಕಿತ್ತು. ಈಗ ಮಕ್ಕಳು ಫೋನಿನಲ್ಲಿ ಇನ್ನೊಂದು ಪ್ರಶ್ನೆ ಕೇಳುತ್ತಾರೆ: ‘ಅಪ್ಪ, ಈ ಸಲ ಬಿಸಿನೆಸ್ ಕ್ಲಾಸಿನಲ್ಲಿ ಬನ್ನಿ, ನಾನೇ ಮಾಡಿಸ್ತೀನಿ.’ ಈ ಕಡೆಯಿಂದ ಬರುವ ಉತ್ತರವೂ ನಮಗೆಲ್ಲ ಗೊತ್ತು: ‘ಅಷ್ಟು ದುಡ್ಡು ಯಾಕೋ ಸುರೀತೀಯಾ? ಒಂದು ರಾತ್ರಿ ತಾನೇ, ಕೂತ್ಕೊಂಡೇ ಬರ್ತೀವಿ.’

ಆದರೆ ಅದು ಒಂದು ರಾತ್ರಿಯ ಮಾತಲ್ಲ. 2021ರ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಿಂದ ಬೆಂಗಳೂರಿಗೆ ಏರ್ ಇಂಡಿಯಾದ ಮೊದಲ ನೇರ ವಿಮಾನ ಬಂದದ್ದು ಹಲವರಿಗೆ ನೆನಪಿರಬಹುದು. ಕ್ಯಾಪ್ಟನ್ ಜೋಯಾ ಅಗರ್‌ವಾಲ್ ಮತ್ತು ಅವರ ಸಂಗಡಿಗರು, ಕಾಕ್‌ಪಿಟ್ಟಿನಲ್ಲಿದ್ದವರೆಲ್ಲ ಮಹಿಳೆಯರೇ, ಉತ್ತರ ಧ್ರುವದ ಮೇಲಿಂದ ಅದನ್ನು ಹಾರಿಸಿಕೊಂಡು ಬಂದರು. ಎಲ್ಲೂ ನಿಲ್ಲದೆ ಬಂದರೂ ಹದಿನೇಳು ಗಂಟೆಯ ಆಸುಪಾಸು. ದುಬೈ, ಫ್ರಾಂಕ್‌ಫರ್ಟ್, ಲಂಡನ್ ಅಥವಾ ಸಿಂಗಪುರದಲ್ಲಿ ಇಳಿದು ಇನ್ನೊಂದು ವಿಮಾನ ಹತ್ತುವವರಿಗೆ ಮನೆಯ ಬಾಗಿಲಿಗೆ ಬೀಗ ಹಾಕಿದಲ್ಲಿಂದ ಮಗಳ ಮನೆಯ ಬಾಗಿಲು ತಟ್ಟುವವರೆಗೆ ಸಲೀಸಾಗಿ ಒಂದೂವರೆ ದಿನ ಹಿಡಿಯುತ್ತದೆ. ಎಪ್ಪತ್ತರ ಮಂಡಿಗೆ, ಸಕ್ಕರೆ ಕಾಯಿಲೆಯ ಕಾಲಿಗೆ, ರಾತ್ರಿ ಮೂರು ಸಲ ಏಳಬೇಕಾದ ದೇಹಕ್ಕೆ ಅದು ಸಣ್ಣ ಶ್ರಮವಲ್ಲ.

ಈ ದರ್ಜೆಗಳ ಚರಿತ್ರೆ ಸ್ವಾರಸ್ಯವಾಗಿದೆ. ಬಿಸಿನೆಸ್ ಕ್ಲಾಸ್ ಎಂಬುದು ಮೊದಲಿಂದಲೂ ಇದ್ದು, ಬಡವರಿಗೆಂದು ಆಮೇಲೆ ಎಕಾನಮಿ ಮಾಡಿದರು ಎಂದು ಅನೇಕರು ತಿಳಿದಿದ್ದಾರೆ. ನಡೆದದ್ದು ಬೇರೆ. ಅಟ್ಲಾಂಟಿಕ್ ದಾಟುವ ವಿಮಾನಗಳಲ್ಲಿ ಕಡಿಮೆ ದರದ ಟೂರಿಸ್ಟ್ ದರ್ಜೆ ಬಂದದ್ದು 1952ರಲ್ಲಿ, ಎಕಾನಮಿ ಎಂಬ ಹೆಸರಿನ ದರ್ಜೆ 1958ರಲ್ಲಿ. ಆ ಮೊದಲು ಸಾಗರದಾಚೆಗಿನ ವಿಮಾನಯಾನ ಸಿರಿವಂತರ ಮಾತಾಗಿತ್ತು. ಮೇಷ್ಟರು, ಗುಮಾಸ್ತರು, ಓದಲು ಹೊರಟ ಹುಡುಗರು ಆಕಾಶಕ್ಕೆ ಏರಿದ್ದು ಆ ಇಕ್ಕಟ್ಟಿನ ಸೀಟುಗಳಿಂದಲೇ. ಬಿಸಿನೆಸ್ ಕ್ಲಾಸ್ ಹುಟ್ಟಿದ್ದು ಎರಡು ದಶಕದ ನಂತರ, 1970ರ ದಶಕದ ಕೊನೆಯಲ್ಲಿ. ಕೆಲಸದ ಮೇಲೆ ಪೂರ್ತಿ ದರ ಕೊಟ್ಟು ಹೋಗುವವರು, ರಿಯಾಯಿತಿ ಟಿಕೆಟ್ಟಿನವರ ಪಕ್ಕದಲ್ಲೇ ಕೂರಬೇಕಾಗಿ ಬಂದಾಗ ಕಂಪನಿಗಳು ಅವರಿಗೊಂದು ಬೇರೆ ಜಾಗ ಮಾಡಿಕೊಟ್ಟವು. ಬಿಸಿನೆಸ್ ಕ್ಲಾಸಿನಲ್ಲಿ ಪೂರ್ತಿ ಮಲಗುವ ಹಾಸಿಗೆಯನ್ನು ಬ್ರಿಟಿಷ್ ಏರ್‌ವೇಸ್ ತಂದದ್ದು 2000ದಲ್ಲಿ. ಎರಡರ ನಡುವಿನ ಪ್ರೀಮಿಯಂ ಎಕಾನಮಿ 1990ರ ದಶಕದ ಆರಂಭದ ಕೂಸು. ಎಕಾನಮಿಯಲ್ಲಿ ಕೂರುವುದು ಯಾರಿಗೂ ಕೀಳಲ್ಲ. ಜಗತ್ತಿನ ಅಜ್ಜಿಯರನ್ನೂ ಮೊಮ್ಮಕ್ಕಳನ್ನೂ ಕೂಡಿಸಿದ್ದು ಆ ಸೀಟೇ.

ಹೆಚ್ಚು ದುಡ್ಡು ಕೊಟ್ಟರೆ ಸಿಗುವುದೇನು? ಮುಖ್ಯವಾಗಿ ಜಾಗ. ಎಕಾನಮಿಯಲ್ಲಿ ಒಂದು ಸಾಲಿನಿಂದ ಇನ್ನೊಂದಕ್ಕೆ ಸಾಮಾನ್ಯವಾಗಿ 31 ಅಥವಾ 32 ಅಂಗುಲ, ಪ್ರೀಮಿಯಂ ಎಕಾನಮಿಯಲ್ಲಿ ಸುಮಾರು 38. ಬಿಸಿನೆಸ್‌ನಲ್ಲಿ ಕಾಲು ಚಾಚಿ ಮಲಗಬಹುದು, ದರ ಮಾತ್ರ ಮೂರು ನಾಲ್ಕು ಪಟ್ಟು. ಆದರೆ ಗಾಳಿ ಎಲ್ಲರಿಗೂ ಒಂದೇ. ವಿಮಾನ ಎಷ್ಟೇ ಎತ್ತರದಲ್ಲಿ ಹಾರಲಿ, ಒಳಗಿನ ಒತ್ತಡವನ್ನು ಆರರಿಂದ ಎಂಟು ಸಾವಿರ ಅಡಿಯ ಮಟ್ಟಕ್ಕೆ ಇಟ್ಟಿರುತ್ತಾರೆ. ಅಂದರೆ ಮುಂದಿನ ಸಾಲಿನವರೂ ಹಿಂದಿನ ಸಾಲಿನವರೂ ಮುಳ್ಳಯ್ಯನಗಿರಿಯ ತುದಿಯಲ್ಲೋ ಅದಕ್ಕಿಂತ ತುಸು ಮೇಲೋ ಗಂಟೆಗಟ್ಟಲೆ ಕೂತಂತೆ. ತೇವಾಂಶ ಶೇ 20ಕ್ಕಿಂತ ಕಡಿಮೆ. ತುಟಿ ಒಡೆಯುತ್ತದೆ, ಗಂಟಲು ಒಣಗುತ್ತದೆ, ನಾಲಗೆಗೆ ಉಪ್ಪು ಸಿಹಿ ಎರಡೂ ಮಂದವಾಗುತ್ತವೆ. ವಿಮಾನದ ಊಟ ಸಪ್ಪೆ ಎನ್ನಿಸುವುದಕ್ಕೆ ಅಡುಗೆಯವರಷ್ಟೇ ಕಾರಣರಲ್ಲ. ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟುವ ಅಪಾಯವೂ ದುಬಾರಿ ಸೀಟು ಕೊಂಡ ಮಾತ್ರಕ್ಕೆ ತಪ್ಪುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ನಾಲ್ಕು ಗಂಟೆಗೂ ಮೀರಿದ ಪ್ರಯಾಣದಲ್ಲಿ ಆ ಅಪಾಯ ಸುಮಾರು ಇಮ್ಮಡಿಯಾಗುತ್ತದೆ, ಹಾಗಿದ್ದರೂ ಅದು ಆರು ಸಾವಿರದಲ್ಲಿ ಒಬ್ಬರಿಗೆ ಬರುವಂಥದ್ದು. ಕಾರಣ ಅಲುಗಾಡದೆ ಕೂರುವುದು. ಎದ್ದು ನಾಲ್ಕು ಹೆಜ್ಜೆ ಹಾಕುವುದು, ಕೂತಲ್ಲೇ ಪಾದವನ್ನು ಮೇಲೆ ಕೆಳಗೆ ಆಡಿಸುವುದು, ನೀರು ಕುಡಿಯುವುದು, ಇವಕ್ಕೆ ಯಾವ ದರ್ಜೆಯಲ್ಲೂ ದುಡ್ಡಿಲ್ಲ. ಹಿಂದೆ ಹೆಪ್ಪುಗಟ್ಟಿದ್ದವರು, ಇತ್ತೀಚೆಗೆ ಆಪರೇಷನ್ ಆದವರು ಹೊರಡುವ ಮೊದಲು ಡಾಕ್ಟರನ್ನು ಕೇಳಲೇಬೇಕು.

ಇಷ್ಟು ತಿಳಿದ ಮೇಲೆ ಮನೆಯವರೆಲ್ಲ ಕೂತು ಮಾತಾಡಬೇಕಾದ್ದು ಒಂದಿದೆ. ರೈಲಿನಲ್ಲಿ ನಮಗೆ ಈ ವಿವೇಕ ತಾನಾಗಿ ಬರುತ್ತದೆ. ಕೆಳಗಿನ ಬರ್ತ್ ಅಜ್ಜಿಗೆ, ಮೇಲಿನದು ಹುಡುಗರಿಗೆ, ಯಾರೂ ಚರ್ಚೆ ಮಾಡುವುದಿಲ್ಲ. ಅಪರಿಚಿತರೂ ಎದ್ದು ಜಾಗ ಬದಲಾಯಿಸಿಕೊಳ್ಳುತ್ತಾರೆ. ವಿಮಾನದಲ್ಲಿ ಮಾತ್ರ ಆ ಅಭ್ಯಾಸ ಮರೆತುಹೋಗುತ್ತದೆ. ಕ್ರೆಡಿಟ್ ಕಾರ್ಡಿನ ಪಾಯಿಂಟ್ಸ್ ಯಾರ ಹೆಸರಿನಲ್ಲಿವೆಯೋ ಅವರು ಮುಂದೆ, ಆಫೀಸಿನಲ್ಲಿ ದೊಡ್ಡ ಹುದ್ದೆ ಯಾರದೋ ಅವರು ಮುಂದೆ, ತಾಯಿ ಹಿಂದಿನ ನಲವತ್ತನೆಯ ಸಾಲಿನ ನಡುವಿನ ಸೀಟಿನಲ್ಲಿ. ಹಾಗಾಗಬಾರದು ಎಂದು ನಾನು ಖಂಡಿತವಾಗಿ ನಂಬುತ್ತೇನೆ. ನಾಲ್ವರ ಕುಟುಂಬಕ್ಕೆ ಒಂದೇ ಒಂದು ಒಳ್ಳೆಯ ಸೀಟು ಕೊಳ್ಳುವ ಶಕ್ತಿ ಇದ್ದರೆ ಅದು ಹೋಗಬೇಕಾದ್ದು ಹೆಚ್ಚು ನೋಯುವ ದೇಹಕ್ಕೆ. ಅದು ಅಜ್ಜನದೇ ಆಗಬೇಕೆಂದಿಲ್ಲ. ಎಪ್ಪತ್ತೈದರಲ್ಲೂ ಚಾಮುಂಡಿಬೆಟ್ಟ ಹತ್ತುವ ಅಜ್ಜಂದಿರಿದ್ದಾರೆ, ನಲವತ್ತಕ್ಕೇ ಡಿಸ್ಕ್ ಜಾರಿದ ಮಗಳಂದಿರಿದ್ದಾರೆ.

ಹಿರಿಯರ ಸಂಕೋಚಕ್ಕೂ ಒಂದು ಮಾತು. ಮಕ್ಕಳು ಮನಸಾರೆ ಕೊಟ್ಟದ್ದನ್ನು ಸಂತೋಷದಿಂದ ತೆಗೆದುಕೊಳ್ಳುವುದೂ ಒಂದು ಔದಾರ್ಯವೇ. ಹಾಗೆಯೇ ಮಕ್ಕಳು ದುಬಾರಿ ಟಿಕೆಟ್ಟು ತೆಗೆಸಿದರೆ ಕರ್ತವ್ಯ ಮುಗಿಯಿತು ಎಂದುಕೊಳ್ಳಬಾರದು. ಕೆಲವು ವಿಮಾನಗಳ ಬಿಸಿನೆಸ್ ಕ್ಲಾಸಿನಲ್ಲಿ ಗಂಡ ಒಂದು ಗೂಡಿನಲ್ಲಿ, ಹೆಂಡತಿ ಇನ್ನೊಂದು ಗೂಡಿನಲ್ಲಿ, ನಡುವೆ ತಡಿಕೆ. ಸೀಟನ್ನು ಹಾಸಿಗೆ ಮಾಡುವ ಗುಂಡಿ ಯಾವುದೆಂದು ತಿಳಿಯದೆ, ಮತ್ತೆ ಮತ್ತೆ ಕೇಳಲು ನಾಚಿ, ನೆಟ್ಟಗೆ ಕೂತೇ ರಾತ್ರಿ ಕಳೆಯುವ ತಾಯಂದಿರಿದ್ದಾರೆ. ಅಂಥವರಿಗೆ ಎಕಾನಮಿಯಲ್ಲಿ ಮಗಳ ಭುಜಕ್ಕೆ ಒರಗಿ, ಮೊಮ್ಮಗುವಿನ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಹೋಗುವುದೇ ಮೇಲು. ಅರ್ಧ ದಾರಿಯಲ್ಲಿ ಅಪ್ಪ ಮಗ ಸೀಟು ಬದಲಾಯಿಸಿಕೊಳ್ಳುತ್ತೇವೆ ಎಂದರೆ ಬೇರೆ ಬೇರೆ ದರ್ಜೆಗಳ ನಡುವೆ ಸಿಬ್ಬಂದಿ ಸಾಮಾನ್ಯವಾಗಿ ಒಪ್ಪುವುದಿಲ್ಲ. ಅದನ್ನು ಟಿಕೆಟ್ಟು ತೆಗೆಯುವ ಮೊದಲೇ ಯೋಚಿಸಬೇಕು.

ದುಡ್ಡನ್ನು ಎಲ್ಲಿ ಹಾಕಬೇಕು ಎಂಬುದಕ್ಕೂ ದಾರಿಗಳಿವೆ. ದುಬೈ ಮೂಲಕ ಹೋಗುವವರಿಗೆ ಮೊದಲ ಹಾರಾಟ ನಾಲ್ಕು ಗಂಟೆ, ಎರಡನೆಯದು ಹದಿನಾಲ್ಕರಿಂದ ಹದಿನಾರು. ಮೊದಲನೆಯದಕ್ಕೆ ಎಕಾನಮಿ, ಉದ್ದನೆಯದಕ್ಕೆ ಮಾತ್ರ ಮೇಲಿನ ದರ್ಜೆ ಎಂದು ಒಂದೇ ಟಿಕೆಟ್ಟಿನಲ್ಲಿ ಮಾಡಿಸಬಹುದು. ಪಾಯಿಂಟ್ಸ್ ಇಟ್ಟುಕೊಂಡವರಿಗೆ ಅನೇಕ ಕಂಪನಿಗಳಲ್ಲಿ ಸುಮಾರು ಹನ್ನೊಂದು ತಿಂಗಳು ಮೊದಲೇ ಸೀಟುಗಳು ತೆರೆದುಕೊಳ್ಳುತ್ತವೆ. ಡಿಸೆಂಬರಿನ ರಜೆ, ಜೂನ್ ಜುಲೈನ ಅಮೆರಿಕದ ಶಾಲಾ ರಜೆ ಬಿಟ್ಟು ಹೊರಡಬಲ್ಲ ನಿವೃತ್ತರಿಗೆ ದರವೂ ಹಗುರ. ಎಕಾನಮಿಯೇ ಸಾಕು ಎಂದು ತೀರ್ಮಾನಿಸಿದವರು ಸೀಟನ್ನಾದರೂ ಮೊದಲೇ ಆರಿಸಿಕೊಳ್ಳಬೇಕು. ಪದೇ ಪದೇ ಏಳುವವರಿಗೆ ಓಡಾಡುವ ದಾರಿಯ ಪಕ್ಕದ್ದು, ನಿದ್ದೆ ಮಾಡುವವರಿಗೆ ಕಿಟಕಿಯದು. ತುರ್ತು ಬಾಗಿಲಿನ ಸಾಲಿನಲ್ಲಿ ಕಾಲು ಚಾಚಬಹುದು ನಿಜ, ಆದರೆ ಅಲ್ಲಿ ಮಕ್ಕಳನ್ನೂ ಅಶಕ್ತರನ್ನೂ ಕೂರಿಸುವುದಿಲ್ಲ. ತೊಟ್ಟಿಲು ಸಿಕ್ಕಿಸುವ ಮುಂದಿನ ಸಾಲನ್ನು ಕೂಸಿನವರಿಗೆ ಬಿಡುವುದು ಚೆಂದ. ಸಸ್ಯಾಹಾರದ ಊಟವನ್ನು ಕಡೇಪಕ್ಷ ಒಂದು ದಿನ ಮೊದಲೇ ಹೇಳಿಡದಿದ್ದರೆ ಬ್ರೆಡ್ಡು ತಿಂದು ಹೋಗಬೇಕಾದೀತು. ಉಪ್ಪಿನಕಾಯಿಯ ಜಾಡಿ ಕೈಚೀಲದಲ್ಲಿದ್ದರೆ ತಪಾಸಣೆಯಲ್ಲಿ ಅಲ್ಲೇ ಉಳಿಯುತ್ತದೆ, ದೊಡ್ಡ ಸೂಟ್‌ಕೇಸಿಗೆ ಹಾಕಿ. ಮಾತ್ರೆಗಳದು ತಿರುಗುಮುರುಗು, ಅವು ಕೈಚೀಲದಲ್ಲೇ ಇರಬೇಕು.

ಇನ್ನೊಂದು ಲೆಕ್ಕವನ್ನೂ ಗೃಹಸ್ಥರು ಮರೆಯಬಾರದು. ಬಿಸಿನೆಸ್ ಕ್ಲಾಸಿನ ಒಬ್ಬ ಪ್ರಯಾಣಿಕರ ಪಾಲಿಗೆ ಬರುವ ಹೊಗೆಯ ಹೊರೆ ಎಕಾನಮಿಯವರಿಗಿಂತ ಸುಮಾರು ಮೂರು ಪಟ್ಟು ಎಂದು ವಿಶ್ವಬ್ಯಾಂಕಿನ 2013ರ ಅಧ್ಯಯನವೊಂದು ಅಂದಾಜು ಮಾಡಿದೆ. ಹೆಚ್ಚು ಜಾಗ ಹಿಡಿದವರು ಇಂಧನದಲ್ಲೂ ಹೆಚ್ಚು ಪಾಲು ಹೊರಬೇಕಲ್ಲವೇ? ಗಟ್ಟಿಮುಟ್ಟಾದವರು ಬರೀ ಶೋಕಿಗೆ ಮುಂದೆ ಕೂರುವ ಮೊದಲು ಇದನ್ನು ನೆನೆಯಬಹುದು. ಅವಶ್ಯವಿದ್ದವರು ಅಳುಕಬೇಕಿಲ್ಲ.

ಟಿಕೆಟ್ಟು ಯಾವುದೇ ಇರಲಿ, ದಾರಿ ಸುಗಮವಾಗುವುದು ಸಹಯಾತ್ರಿಗಳಿಂದ. ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಚೆಕ್-ಇನ್ ಸಾಲಿನಲ್ಲಿ ನಿಂತು ನೋಡಿ. ರೇಷ್ಮೆಯಂಚಿನ ಸೀರೆಗೆ ಕ್ಯಾನ್‌ವಾಸ್ ಬೂಟು ಹಾಕಿಕೊಂಡ ಹೆಂಗಸು, ಕೈಯಲ್ಲೊಂದು ಪ್ಲಾಸ್ಟಿಕ್ ಫೋಲ್ಡರ್. ಅದರೊಳಗೆ ಮಗ ಕನ್ನಡದಲ್ಲಿ ದೊಡ್ಡಕ್ಷರದಲ್ಲಿ ಬರೆದುಕೊಟ್ಟ ಹಾಳೆ: ಇಳಿದ ಮೇಲೆ ಯಾವ ಬೋರ್ಡು ನೋಡಬೇಕು, ಅಧಿಕಾರಿ ಕೇಳಿದರೆ ಯಾರ ಮನೆಗೆ, ಎಷ್ಟು ದಿನಕ್ಕೆ ಎಂದು ಹೇಳಬೇಕು. ಹಿಂದೆ ನಿಂತ ಹುಡುಗನನ್ನು ಆಕೆ ಕೇಳುತ್ತಾರೆ, ‘ಏನಪ್ಪಾ, ನೀನೂ ಇದೇ ವಿಮಾನವಾ? ಅಲ್ಲಿ ಇಳಿದ ಮೇಲೆ ನನ್ನನ್ನೂ ಸ್ವಲ್ಪ ಜೊತೆಗೆ ಕರ್ಕೊಂಡು ಹೋಗ್ತೀಯಾ?’ ಹುಡುಗರು ಬಹುಮಟ್ಟಿಗೆ ಹೂಂ ಎನ್ನುತ್ತಾರೆ. ಟರ್ಮಿನಲ್‌ನಿಂದ ಟರ್ಮಿನಲ್‌ಗೆ ರೈಲು ಹತ್ತಿಸಿ, ಗೇಟಿನ ಮುಂದೆ ಕೂರಿಸಿ, ಕಾಫಿ ತಂದುಕೊಟ್ಟು ಹೋಗುತ್ತಾರೆ. ನಡೆಯಲಾಗದವರಿಗೆ ಗಾಲಿಕುರ್ಚಿ ಉಚಿತ, ಟಿಕೆಟ್ಟು ಮಾಡಿಸುವಾಗಲೇ ಕೇಳಿಡಬೇಕು. ಆದರೆ ನಡೆಯಬಲ್ಲವರು, ದಾರಿ ಗೊತ್ತಿಲ್ಲ ಎಂಬ ಭಯಕ್ಕೆ ಮಾತ್ರ ಅದನ್ನು ಹಿಡಿದರೆ, ನಿಜವಾಗಿ ಕಾಲು ಬಾರದವರು ವಿಮಾನದ ಬಾಗಿಲಲ್ಲಿ ಕಾಯುತ್ತಾ ನಿಲ್ಲಬೇಕಾಗುತ್ತದೆ. ಭಯದ ಪರಿಹಾರಕ್ಕೆ ಹಿಂದೆ ನಿಂತ ಆ ಹುಡುಗ ಸಾಕು. ವಿಮಾನದೊಳಗೂ ಹಾಗೆಯೇ. ಸೀಟನ್ನು ಹಿಂದಕ್ಕೆ ಬಾಗಿಸುವ ಮೊದಲು ಹಿಂದಿನವರ ತಟ್ಟೆಯ ಮೇಲೆ ಬಿಸಿ ಚಹಾ ಇದೆಯೇ ಎಂದು ಒಮ್ಮೆ ತಿರುಗಿ ನೋಡುವುದು, ಮೂರು ಸೀಟಿನ ನಡುವೆ ಸಿಕ್ಕಿಕೊಂಡವರಿಗೆ ಎರಡೂ ಕಡೆಯ ಕೈಯಾನಿಕೆ ಬಿಟ್ಟುಕೊಡುವುದು, ಅಳುವ ಕೂಸಿನ ತಾಯಿಯತ್ತ ಮುಖ ಸಿಂಡರಿಸದೆ ಇರುವುದು.

ಊರಿಗೆ ಮರಳಿದವರ ಬಗ್ಗೆಯೂ ನೆರೆಹೊರೆಯವರಾದ ನಾವು ಯೋಚಿಸಬೇಕು. ಬೇಸಿಗೆಯಲ್ಲಿ ಕ್ಯಾಲಿಫೋರ್ನಿಯಾದ ಗಡಿಯಾರ ನಮ್ಮದಕ್ಕಿಂತ ಹನ್ನೆರಡೂವರೆ ಗಂಟೆ ಹಿಂದೆ. ಹಗಲು ರಾತ್ರಿ ಪೂರಾ ಅದಲುಬದಲು. ದೇಹ ಹೊಂದಿಕೊಳ್ಳಲು ವಾರದ ಮೇಲೆಯೇ ಹಿಡಿಯುತ್ತದೆ, ಯಾವ ದರ್ಜೆಯಲ್ಲಿ ಬಂದಿದ್ದರೂ ಅಷ್ಟೇ. ಬಂದ ಮರುದಿನವೇ ಮಾತಾಡಿಸಲು ಹೋಗಿ ಫೋಟೊ ತೋರಿಸಿ ಎಂದು ಕೂರುವುದು ಬೇಡ. ಬೆಳಗಿನ ಬಿಸಿಲಿನಲ್ಲಿ ಒಂದಿಷ್ಟು ನಡೆದರೆ ನಿದ್ದೆ ಬೇಗ ದಾರಿಗೆ ಬರುತ್ತದೆ, ಎರಡು ದಿನ ಬಿಟ್ಟು ವಾಕಿಂಗಿಗೆ ಕರೆಯಿರಿ. ಆರು ತಿಂಗಳಿಂದ ಮುಚ್ಚಿದ್ದ ಮನೆ, ಅಡುಗೆಮನೆಯಲ್ಲಿ ಹಾಲೂ ಇರುವುದಿಲ್ಲ. ಅವರು ಬರುವ ದಿನ ಗೊತ್ತಿದ್ದರೆ ಒಂದು ಪ್ಯಾಕೆಟ್ ಹಾಲು, ಒಂದು ಡಬ್ಬಿ ಅನ್ನ ಸಾರು, ಸ್ವಲ್ಪ ಮೊಸರು ಕೊಟ್ಟು ಬನ್ನಿ. ಮಧ್ಯರಾತ್ರಿ ಎರಡಕ್ಕೆ ಹಸಿವಾಗಿ ಎದ್ದಾಗ ಅವರು ಬಿಸಿ ಮಾಡಿಕೊಂಡು ಉಣ್ಣುತ್ತಾರೆ.