ಚೌಳು ಮಣ್ಣಿನ ಮಾಳಿಗೆ

ಸ್ಲ್ಯಾಬ್ ಹಾಕಿಸಬೇಕೆಂದು ನಾನು, ಬೇಡವೆಂದು ಅವ್ವ. ಚೆನ್ನೈಗೂ ಗದಗಿನ ಕಡೆಯ ನಮ್ಮೂರಿಗೂ ಫೋನಿನಲ್ಲಿ ಈ ಜಗಳ ವರ್ಷಗಟ್ಟಲೆ ನಡೆಯಿತು. ದುಡ್ಡು ನನ್ನದು, ಮನೆಯಲ್ಲಿ ಇರುವವಳು ಅವಳು. ತೀರ್ಮಾನ ಯಾರದು?

ನಮ್ಮದು ಮಣ್ಣಿನ ಮಾಳಿಗೆಯ ಮನೆ. ತೊಲೆ, ಜಂತಿ, ಅದರ ಮೇಲೆ ಕಟ್ಟಿಗೆ, ಎಲ್ಲದರ ಮೇಲೆ ಗೇಣುದಪ್ಪ ಚೌಳು ಮಣ್ಣು. ಈ ಮಣ್ಣಿರುವ ಹೊಲದಲ್ಲಿ ಜೋಳ ಏಳುವುದಿಲ್ಲ, ರೈತ ಬೈಯುತ್ತಾನೆ. ಆದರೆ ಅದರಲ್ಲಿರುವ ಸೋಡಿಯಂನಿಂದಾಗಿ ಮಳೆ ಬಿದ್ದೊಡನೆ ಸಣ್ಣ ಕಣಗಳು ಬಿಡಿಬಿಡಿಯಾಗಿ ಸಂದುಗಳನ್ನೆಲ್ಲ ಮುಚ್ಚಿಬಿಡುತ್ತವೆ, ನೀರು ಕೆಳಗಿಳಿಯುವುದಿಲ್ಲ. ಬೆಳೆಗೆ ಬೇಡವಾದದ್ದು ಮಾಳಿಗೆಗೆ ಬೇಕು. ಎರೆಮಣ್ಣಿನ ಗುಣವೇ ಬೇರೆ. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಅದರ ಮೇಲೇ ಬುನಾದಿ ಇಟ್ಟರೆ ಗೋಡೆ ಸೀಳುತ್ತದೆ, ಗರಸು ಸಿಗುವವರೆಗೆ ಅಗೆಯಬೇಕು. ನಾನು ಸಿವಿಲ್ ಓದುವಾಗ ಇವಕ್ಕೆಲ್ಲ ದೊಡ್ಡ ಹೆಸರುಗಳಿರುವುದು ತಿಳಿಯಿತು, ಅಷ್ಟೇ.

ಹಾಗೆಂದು ಮಣ್ಣಿನ ಮನೆಯನ್ನು ಹಾಡಿ ಹೊಗಳಲು ಮನಸ್ಸಿಲ್ಲ. ಹೊಗಳುವವರು ಬಹಳ ಮಂದಿ ಅದರಲ್ಲಿ ಇರುವುದಿಲ್ಲ. 2009ರ ಸೆಪ್ಟೆಂಬರ್ ಕೊನೆಗೆ ಹಿಡಿದ ಮಳೆಗೆ ಉತ್ತರ ಕರ್ನಾಟಕದಲ್ಲಿ ಲಕ್ಷಗಟ್ಟಲೆ ಮನೆಗಳು ಹಾಳಾದವು. ಸತ್ತವರಲ್ಲಿ ಅನೇಕರು ಗೋಡೆಯ ಕೆಳಗೆ ಸಿಕ್ಕವರು. ಅವ್ವ ಆ ರಾತ್ರಿ ಪಕ್ಕದವರ ಸ್ಲ್ಯಾಬಿನ ಕೆಳಗೆ ಕೂತಿದ್ದಳು, ನಾನು ಇಲ್ಲಿ ಫೋನು ಹಿಡಿದು ಕೂತಿದ್ದೆ. ನನ್ನ ಹಟ ಅಂದಿನದು.

2015ರ ಡಿಸೆಂಬರಿನಲ್ಲಿ ನನ್ನ ಪಾಳಿ ಬಂತು. ವೇಳಚೇರಿಯ ನಮ್ಮ ಅಪಾರ್ಟ್‌ಮೆಂಟಿನ ಕೆಳಮಹಡಿ ನೀರಿನಲ್ಲಿ ನಿಂತಿತ್ತು. ಕರೆಂಟಿಲ್ಲ, ಫೋನಿಲ್ಲ. ಕಡೆಗೊಮ್ಮೆ ಲೈನ್ ಸಿಕ್ಕಾಗ ಅವ್ವ ಕೇಳಿದಳು: "ನಿಮ್ಮ ಮನಿ ಎದರ ಮ್ಯಾಲ ಕಟ್ಯಾರಪಾ?"

ನಾನು ಮಾತು ಮರೆಸಿದೆ. ಮಳೆನೀರು ಬಂದು ನಿಲ್ಲುತ್ತಿದ್ದ ಜೌಗಿಗೆ ಲಾರಿಗಟ್ಟಲೆ ಮಣ್ಣು ಸುರಿದು ಎಬ್ಬಿಸಿದ ಬಡಾವಣೆ ನಮ್ಮದು. ಪಳ್ಳಿಕರಣೈ ಜೌಗಿನಲ್ಲಿ ಉಳಿದದ್ದು 2022ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿತು. ತುಂಬಿಹೋದದ್ದು ನಮ್ಮಂಥವರ ಕೆಳಗಿದೆ. ಮನೆ ಕೊಳ್ಳುವಾಗ ಅಡುಗೆಮನೆಯ ಗ್ರಾನೈಟ್ ನೋಡಿದೆ, ನಲ್ಲಿ ತಿರುಗಿಸಿ ನೋಡಿದೆ. ಮಣ್ಣು ಪರೀಕ್ಷೆಯ ವರದಿ ಕೇಳಲಿಲ್ಲ, ಸಿವಿಲ್ ಓದಿದವನು!

ಅವ್ವನ ಮನೆ ಬಿದ್ದರೆ ಅವಳ ಮೇಲೇ ಬೀಳುತ್ತದೆ. ನನ್ನದು ಬೀಳಲಿಲ್ಲ, ಅದು ಜಾಗ ಕೊಡದ ನೀರು ತಗ್ಗಿನಲ್ಲಿದ್ದವರ ಗುಡಿಸಲಿಗೆ ಹೋಯಿತು. ಇವೆರಡರಲ್ಲಿ ಯಾವುದು ಅಪಾಯದ ಮನೆ ಎಂದು ನಾನು ಅವಳಿಗೆ ಯಾವ ಬಾಯಿಂದ ಹೇಳಲಿ? ಆದರೂ ಮಳೆಗಾಲದಲ್ಲಿ ನಿದ್ದೆ ಬರುವುದಿಲ್ಲ, ಅದೂ ನಿಜ.

ಕೊನೆಗೆ ಒಂದು ಕೋಣೆಗೆ ಸ್ಲ್ಯಾಬ್ ಹಾಕಿಸಲು ಒಪ್ಪಿದಳು. ಅದರಲ್ಲೀಗ ಜೋಳದ ಚೀಲಗಳಿವೆ. ಅವಳು ಮಾಳಿಗೆಯ ಕೆಳಗೇ ಮಲಗುತ್ತಾಳೆ. ಮಳೆ ಜೋರಾದರೆ ಮಾತ್ರ ಕೌದಿ ಎತ್ತಿಕೊಂಡು ಈ ಕಡೆ ಬರುತ್ತಾಳಂತೆ.