ಪಾತ್ರೆಯಲ್ಲಿರುವ ಜೀವಕೋಶ ಯಾರದು?

ಮಕ್ಕಳು ಬಯೋಟೆಕ್ನಾಲಜಿ ಓದುತ್ತಿರುವ ಮನೆಗಳಲ್ಲಿ ಈಗೀಗ ಒಂದು ಪ್ರಶ್ನೆ ಏಳುತ್ತದೆ. “ಪ್ರಯೋಗಶಾಲೆಯಲ್ಲಿ ಮನುಷ್ಯನ ಜೀನನ್ನೇ ಸುಮ್ಮನಾಗಿಸುತ್ತಾರಂತೆ. ಇದು ಅಲ್ಲಾಹನ ಸೃಷ್ಟಿಯಲ್ಲಿ ಕೈಯಾಡಿಸಿದಂತಲ್ಲವೇ?” ಪ್ರಶ್ನೆ ಸಹಜವಾದುದೇ. ಆದರೆ ತೀರ್ಪು ಕೊಡುವ ಮೊದಲು ಅಲ್ಲಿ ನಡೆಯುವುದೇನೆಂದು ನೀವು ತಿಳಿದುಕೊಳ್ಳಬೇಕು.

ಪ್ಲಾಸ್ಮಿಡ್ ಎಂದರೆ ಬ್ಯಾಕ್ಟೀರಿಯಾಗಳಲ್ಲಿರುವ, ಬಳೆಯಂತೆ ದುಂಡಗಿನ ಪುಟ್ಟ ಡಿಎನ್‌ಎ. ವಿಜ್ಞಾನಿಗಳು ಅದಕ್ಕೆ ತಮಗೆ ಬೇಕಾದ ತುಣುಕೊಂದನ್ನು ಜೋಡಿಸಿ, ಪಾತ್ರೆಯಲ್ಲಿ ಬೆಳೆಸಿದ ಮಾನವ ಜೀವಕೋಶದೊಳಗೆ ಸೇರಿಸುತ್ತಾರೆ. ಕೋಶವು ಆ ತುಣುಕನ್ನು ಓದಿ ಸಣ್ಣ ಆರ್‌ಎನ್‌ಎ ತಯಾರಿಸುತ್ತದೆ. ಜೀನಿನಿಂದ ಹೊರಟ ಸಂದೇಶವನ್ನು ಪ್ರೋಟೀನು ಆಗುವ ಮೊದಲೇ ಕತ್ತರಿಸಲು ಈ ಆರ್‌ಎನ್‌ಎ ದಾರಿ ತೋರಿಸುತ್ತದೆ. ಮನೆಯಿಂದ ಹೊರಟ ಕಾಗದ ದಾರಿಯಲ್ಲೇ ಹರಿದುಹೋದಂತೆ ಎನ್ನಿ. ಬರೆದವನು ಮನೆಯಲ್ಲೇ ಇದ್ದಾನೆ, ಜೀನು ಅಳಿದಿಲ್ಲ. ಆ ಪ್ರೋಟೀನು ಕಡಿಮೆಯಾದಾಗ ಕೋಶದಲ್ಲಿ ಏನು ಕೆಡುತ್ತದೆಂದು ನೋಡಿ ಜೀನಿನ ಕೆಲಸವನ್ನು ಅರಿಯುತ್ತಾರೆ.

ಸಂದೇಶವನ್ನು ತಡೆಯುವ ಈ ವ್ಯವಸ್ಥೆಯೂ ಮನುಷ್ಯನು ಉಂಟುಮಾಡಿದ್ದಲ್ಲ, ಜೀವಕೋಶಗಳಲ್ಲಿ ಮೊದಲೇ ಇದ್ದದ್ದು. ಆಂಡ್ರ್ಯೂ ಫೈರ್ ಮತ್ತು ಕ್ರೇಗ್ ಮೆಲ್ಲೋ 1998ರಲ್ಲಿ ಒಂದು ಸಣ್ಣ ಹುಳುವಿನಲ್ಲಿ ಅದನ್ನು ಕಂಡು ವಿವರಿಸಿದರು. 2006ರಲ್ಲಿ ಅವರಿಗೆ ನೊಬೆಲ್ ಬಂತು. ರೋಗದ ಮೂಲ ಹುಡುಕಲು ಮಾಡುವ ಈ ಕೆಲಸದಲ್ಲಿ ನನಗಂತೂ ತಪ್ಪು ಕಾಣುವುದಿಲ್ಲ. ಹುಟ್ಟಲಿರುವ ಶಿಶುವಿನ ಜೀನನ್ನೇ ತಿದ್ದುವುದು ಬೇರೆ ಮಾತು.

ನನ್ನನ್ನು ಕಾಡುವುದು ಇನ್ನೊಂದು ವಿಷಯ. ಆ ಪಾತ್ರೆಯಲ್ಲಿರುವ ಜೀವಕೋಶ ಯಾರದು?

1951ರಲ್ಲಿ ಹೆನ್ರಿಯೆಟ್ಟಾ ಲ್ಯಾಕ್ಸ್ ಎಂಬ ಕಪ್ಪು ಮಹಿಳೆ, ಐದು ಮಕ್ಕಳ ತಾಯಿ, ಅಮೆರಿಕದ ಬಾಲ್ಟಿಮೋರ್‌ನಲ್ಲಿರುವ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಗೆ ಹೋದರು. ಗರ್ಭಕೊರಳಿನ ಕ್ಯಾನ್ಸರ್. ಅವರ ಗಡ್ಡೆಯ ಒಂದು ಚೂರನ್ನು, ಅವರನ್ನು ಕೇಳದೆಯೇ, ಸಂಶೋಧನೆಗೆ ಕೊಡಲಾಯಿತು. ಅದೇ ವರ್ಷ ಅಕ್ಟೋಬರಿನಲ್ಲಿ, 31ನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು. ಕೋಶಗಳು ಸಾಯಲಿಲ್ಲ. ‘ಹೀಲಾ’ ಎಂಬ ಹೆಸರಿನಲ್ಲಿ ಲೋಕವೆಲ್ಲ ಹರಡಿದವು, ಮಾರಾಟವಾದವು. 2001ರಲ್ಲಿ ಜರ್ಮನಿಯ ವಿಜ್ಞಾನಿಗಳು ಸಣ್ಣ ಆರ್‌ಎನ್‌ಎಯಿಂದ ಮಾನವ ಕೋಶದ ಜೀನನ್ನು ಸುಮ್ಮನಾಗಿಸಬಹುದೆಂದು ತೋರಿಸಿದಾಗ ಬಳಸಿದ ಕೋಶಗಳಲ್ಲಿ ಹೀಲಾ ಕೂಡ ಇತ್ತು. ಈ ತಾಯಿಯ ಹೆಸರನ್ನೇ ಬಹುಕಾಲ ‘ಹೆಲೆನ್ ಲೇನ್’ ಎಂದು ತಪ್ಪಾಗಿ ಹೇಳಲಾಗುತ್ತಿತ್ತು. ಮನೆಯವರಿಗೆ ವಿಷಯ ತಿಳಿದದ್ದು 1973ರಲ್ಲಿ.

“ಅಂದು ಅನುಮತಿ ಕೇಳುವ ಪದ್ಧತಿಯೇ ಇರಲಿಲ್ಲವಲ್ಲ” ಎಂದು ನೀವು ಹೇಳಬಹುದು. ನಿಜ. ಆದರೆ ಪದ್ಧತಿ ಇಲ್ಲದಿದ್ದರೆ ಹಕ್ಕೂ ಇಲ್ಲವೆಂದಾಗುತ್ತದೆಯೇ? ಹುಕೂಕುಲ್ ಇಬಾದ್ ಎಂದರೆ ಏನೆಂದು ನಮ್ಮ ಮನೆಯ ಮಕ್ಕಳಿಗೂ ಗೊತ್ತು. ಮನುಷ್ಯನ ಹಕ್ಕನ್ನು ಕಸಿದವನಿಗೆ ತೌಬಾ ಒಂದೇ ಸಾಲದು. ಹಕ್ಕುದಾರನಿಗೆ ಅದನ್ನು ಮರಳಿಸಬೇಕು, ಇಲ್ಲವೇ ಆತ ಮನ್ನಿಸಬೇಕು. ಪಡೆದದ್ದರಿಂದ ಸಾವಿರಾರು ಜನರಿಗೆ ಒಳಿತಾಯಿತೆಂಬುದು ಈ ಸಾಲವನ್ನು ತೀರಿಸುವುದಿಲ್ಲ.

ಹಾಗಾದರೆ ಆ ಕೋಶಗಳನ್ನು ಎಸೆದುಬಿಡಬೇಕೇ? ಎಸೆದರೆ ಆ ತಾಯಿಗೆ ಏನು ಮರಳಿದಂತಾಯಿತು? ಅವರ ವಾರಸುದಾರರು ಇದ್ದಾರೆ. 2013ರಲ್ಲಿ ಹೀಲಾ ಕೋಶದ ಪೂರ್ಣ ಜೀನ್ ವಿವರವನ್ನು ಮತ್ತೆ ಯಾರನ್ನೂ ಕೇಳದೆ ಪ್ರಕಟಿಸಿದಾಗ ಕುಟುಂಬ ಆಕ್ಷೇಪಿಸಿತು. ಅದೇ ವರ್ಷ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯು ಒಪ್ಪಂದ ಮಾಡಿಕೊಂಡು, ಆ ವಿವರವನ್ನು ಯಾರಿಗೆ ಕೊಡಬೇಕೆಂದು ಪರಿಶೀಲಿಸುವ ಸಮಿತಿಯಲ್ಲಿ ಕುಟುಂಬದವರನ್ನು ಕೂರಿಸಿತು. 62 ವರ್ಷ ತಡವಾದರೂ, ಕೇಳಿದರು. ಪ್ರಯೋಗಶಾಲೆಗೆ ಹೋಗುವ ನಿಮ್ಮ ಮಗಳು ಪ್ಲಾಸ್ಮಿಡ್ಡನ್ನು ಕೈಗೆತ್ತಿಕೊಳ್ಳುವ ಮೊದಲು ಪಾತ್ರೆಯ ಕೋಶ ಎಲ್ಲಿಂದ ಬಂತೆಂದು ಕೇಳಲಿ. ಒಪ್ಪಿಗೆ ಪಡೆದು ಸಂಗ್ರಹಿಸಿದ ಕೋಶದಿಂದ ಅದೇ ಕೆಲಸ ಆಗುವುದಾದರೆ ಅದನ್ನೇ ಆರಿಸಿಕೊಳ್ಳಲಿ.

ನಾವೂ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಗೆ ಮುನ್ನ ಕೊಡುವ ಕಾಗದಕ್ಕೆ ಓದದೆಯೇ ಸಹಿ ಹಾಕುತ್ತೇವೆ. ತೆಗೆದ ಭಾಗ ಎಲ್ಲಿಗೆ ಹೋಗುತ್ತದೆಂದು ಡಾಕ್ಟರನ್ನು ಕೇಳುವವರು ನಮ್ಮಲ್ಲಿ ಎಷ್ಟು ಜನ? ಹೆನ್ರಿಯೆಟ್ಟಾ ಅವರೂ ಒಂದು ಕಾಗದಕ್ಕೆ ಸಹಿ ಹಾಕಿದ್ದರು. ಅದರಲ್ಲಿದ್ದುದು ಚಿಕಿತ್ಸೆಯ ಮಾತು ಮಾತ್ರ.