ಗೋಡೆ ಇದ್ದವರು, ಇಲ್ಲದವರು

ಪದವಿ ವಿದ್ಯಾರ್ಥಿಗಳಿಗೆ ಸಸ್ಯಶಾಸ್ತ್ರದ ಪ್ರಾಯೋಗಿಕ ತರಗತಿ ತೆಗೆದುಕೊಳ್ಳುವುದು ಸಂಶೋಧನಾ ವಿದ್ಯಾರ್ಥಿನಿಯಾದ ನನ್ನ ಪಾಲಿಗೆ ಬಂದ ಕೆಲಸ. ಮೊದಲ ವಾರ ಎರಡು ಸ್ಲೈಡು. ಒಂದರಲ್ಲಿ ಈರುಳ್ಳಿ ಎಸಳಿನ ಒಳಗಿನ ತೆಳುಪೊರೆ, ಇನ್ನೊಂದರಲ್ಲಿ ಕೆನ್ನೆಯ ಒಳಗಿನಿಂದ ಟೂತ್‌ಪಿಕ್ಕಿನಲ್ಲಿ ಕೆರೆದು ತೆಗೆದ ಅವರದೇ ಕೋಶಗಳು. ಈರುಳ್ಳಿಯದು ಇಟ್ಟಿಗೆ ಜೋಡಿಸಿದ ಹಾಗೆ ಅಚ್ಚುಕಟ್ಟು. ಕೆನ್ನೆಯದು ಒದ್ದೆ ನೆಲಕ್ಕೆ ಬಿದ್ದ ಕಾಗದದ ಚೂರಿನಂತೆ ಅಂಚು ಮಡಚಿಕೊಂಡು ಒಂದೊಂದು ಒಂದೊಂದು ಕಡೆ. ಈ ಸಲ ಒಬ್ಬಳು ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆಯದೆ ಕೇಳಿದಳು: "ಮೇಡಂ, ನಮಗೆ ಗೋಡೆನೇ ಇಲ್ವಲ್ಲ, ಮತ್ತೆ ನಾವು ಹೆಂಗೆ ನಿಂತಿದೀವಿ?"

ಮೂಳೆ ಇದೆಯಲ್ಲ ಎಂದು ಹೇಳಿ ಮುಗಿಸಿದೆ. ಆ ದಿನಗಳಲ್ಲಿ ನಿಲ್ಲುವ ಮಾತೇ ನನಗೆ ಬೇಡವಾಗಿತ್ತು. ಏಳು ತಿಂಗಳಿಂದ ಫೆಲೋಶಿಪ್ ಬಂದಿರಲಿಲ್ಲ. ಹಾಸ್ಟೆಲ್ ಮೆಸ್ಸಿನ ಬಿಲ್ಲನ್ನು ನನಗಿಂತ ನಾಲ್ಕು ವರ್ಷ ಚಿಕ್ಕವನಾದ, ಗ್ಯಾರೇಜಿನಲ್ಲಿ ದುಡಿಯುವ ತಮ್ಮ ಕಟ್ಟುತ್ತಿದ್ದ. ಅಮ್ಮನಿಗೆ ಗೊತ್ತಿರಲಿಲ್ಲ. ಬಸ್ ಚಾರ್ಜಿಗೂ ಅಪ್ಪನ ಮುಂದೆ ನಿಂತು ಕೇಳಬೇಕಿದ್ದ ಅವಳು ನನಗೆ ಹೇಳಿಕೊಟ್ಟದ್ದು ಒಂದೇ: ಯಾರ ಮುಂದೂ ಕೈಚಾಚಬೇಡ, ನಿನ್ನ ಕಾಲ ಮೇಲೆ ನಿಲ್ಲು. ಹಾಗಾದರೆ ಇನ್ನೊಬ್ಬರ ಆಸರೆಯಲ್ಲಿ ನಿಲ್ಲುವುದು ಸೋಲೇ?

ತನ್ನ ಕಾಲ ಮೇಲೆ ನಿಂತದ್ದೆಂದರೆ ಸಸ್ಯಕೋಶವೇ ಎಂದು ಮೇಲುನೋಟಕ್ಕೆ ಅನಿಸುತ್ತದೆ. ಪೊರೆಯ ಹೊರಗೆ ಸೆಲ್ಯುಲೋಸಿನ ಎಳೆಗಳಿಂದ ತಾನೇ ಕಟ್ಟಿಕೊಂಡ ಗೋಡೆ. ಒಳಗೆ ದೊಡ್ಡ ರಸದಾನಿ. ಅದರಲ್ಲಿ ತುಂಬಿದ ನೀರು ಹೊರಕ್ಕೆ ಒತ್ತುತ್ತದೆ, ಗೋಡೆ ತಡೆದು ನಿಲ್ಲಿಸುತ್ತದೆ. ಎಷ್ಟೋ ಸಸ್ಯಗಳಲ್ಲಿ ಈ ಒತ್ತಡ ಕಾರಿನ ಟೈರಿನೊಳಗಿನದಕ್ಕಿಂತ ಹೆಚ್ಚು. ಬಾಡಿದ ಕೊತ್ತಂಬರಿ ಸೊಪ್ಪನ್ನು ನೀರಿನ ಲೋಟದಲ್ಲಿಟ್ಟರೆ ಮತ್ತೆ ಸೆಟೆದು ನಿಲ್ಲುವುದು ಇದರಿಂದಲೇ. ನಮ್ಮ ಕೆಂಪು ರಕ್ತಕಣವನ್ನು ಶುದ್ಧ ನೀರಿಗೆ ಹಾಕಿದರೆ ಉಬ್ಬಿ ಒಡೆದುಹೋಗುತ್ತದೆ.

ಆದರೆ ಆ ಗೋಡೆಯನ್ನೇ ಇನ್ನಷ್ಟು ಹತ್ತಿರದಿಂದ ನೋಡಬೇಕು. ಅದಕ್ಕೂ ಪಕ್ಕದ ಗೋಡೆಗೂ ನಡುವೆ ಪೆಕ್ಟಿನ್ ಎಂಬ ಅಂಟು. ಆಲೂಗಡ್ಡೆ ಬೆಂದು ಹುಡಿಹುಡಿಯಾಗುವುದು ಆ ಅಂಟು ಸಡಿಲವಾದಾಗ. ಗೋಡೆಯಲ್ಲಿ ಸಣ್ಣ ಸಣ್ಣ ಕಂಡಿಗಳು; ಅವುಗಳ ಮೂಲಕ ಒಂದು ಕೋಶದ ಜೀವರಸ ಇನ್ನೊಂದರದ್ದರ ಜೊತೆ ಕೂಡಿಕೊಂಡಿರುತ್ತದೆ. ಮರವನ್ನಂತೂ ಎತ್ತಿ ನಿಲ್ಲಿಸಿರುವುದು ಬಹುಪಾಲು ಸತ್ತ ಕೋಶಗಳು: ಲಿಗ್ನಿನ್ ತುಂಬಿ ಗಟ್ಟಿಯಾಗಿ, ಒಳಗಿನ ಜೀವ ಹೋಗಿ, ಕೊಳವೆಗಳಾಗಿ, ನಾರಾಗಿ ಉಳಿದ ಗೋಡೆಗಳು. 1665ರಲ್ಲಿ ರಾಬರ್ಟ್ ಹುಕ್ ಬಿರಡೆಯ ತೆಳುಚೂರಿನಲ್ಲಿ ಕಂಡು 'ಸೆಲ್' ಎಂದು ಕರೆದದ್ದೂ ಇಂಥ ಖಾಲಿ ಕೋಣೆಗಳನ್ನೇ. ನಾವು ಅದನ್ನು ಜೀವಕೋಶ ಎನ್ನುತ್ತೇವೆ!

ಗೋಡೆಯಿಲ್ಲದ ಪ್ರಾಣಿಕೋಶಕ್ಕೆ ಒಳಗೆ ಪ್ರೋಟೀನಿನ ಎಳೆಗಳ ಹಂದರ, ಹೊರಗೆ ಕೊಲಾಜೆನ್‌ನಂಥ ನಾರುಗಳ ಹಾಸು. ಹಾಸನ್ನು ಕೋಶಗಳೇ ನೇಯುತ್ತವೆ, ಅದನ್ನೇ ಹಿಡಿದುಕೊಂಡು ಬದುಕುತ್ತವೆ. ಮೂಳೆಯೂ ಅಂಥ ನಾರಿಗೆ ಖನಿಜ ಸೇರಿ ಗಟ್ಟಿಯಾದದ್ದೇ. ಹಿಡಿತ ತಪ್ಪಿದರೆ ನಮ್ಮ ಎಷ್ಟೋ ಅಂಗಾಂಶಗಳ ಕೋಶಗಳು ತಾವಾಗಿಯೇ ಸಾಯುತ್ತವೆ. 1994ರಲ್ಲಿ ಈ ಸಾವಿಗೆ 'ಅನೋಯ್ಕಿಸ್' ಎಂದು ಹೆಸರಿಟ್ಟರು. ಮನೆಯಿಲ್ಲದಿರುವುದು ಎಂಬ ಅರ್ಥದ ಗ್ರೀಕ್ ಪದ. ಹಿಡಿತ ಬಿಟ್ಟೂ ಬದುಕಲು ಕಲಿತ ಕೋಶ ಒಂದುಂಟು. ದೇಹದಲ್ಲಿ ಹರಡುವ ಕ್ಯಾನ್ಸರ್ ಕೋಶ ಅದು.

ಇದನ್ನು ಓದಿದ ರಾತ್ರಿ ನನಗೆ ಖುಷಿಯಾಯಿತು, ಸುಳ್ಳೇಕೆ. ಅಮ್ಮನ ಮಾತಿಗೆ ಉತ್ತರ ಸಿಕ್ಕಿತೆನಿಸಿತು. ಬೆಳಿಗ್ಗೆ ಅನುಮಾನ ಬಂತು. ಬಿಳಿ ರಕ್ತಕಣ ನೆಲೆಯಿಲ್ಲದೆ ಅಲೆಯುತ್ತಲೇ ನಮ್ಮನ್ನು ಕಾಯುತ್ತದೆ. ಅದಲ್ಲದೆ, ಕೋಶ ಹೀಗಿದೆ ಎಂದ ಮಾತ್ರಕ್ಕೆ ಮನುಷ್ಯ ಹೀಗಿರಬೇಕು ಎನ್ನುವುದು ಯಾವ ನ್ಯಾಯ? ದೇಹಕ್ಕೆ ತಲೆ ಬೇರೆ, ಕಾಲು ಬೇರೆ ಎಂದು ಹೇಳಿಯೇ ಸಮಾಜವನ್ನು ಮೇಲುಕೀಳಾಗಿ ಕಟ್ಟಿದವರು ನಮ್ಮಲ್ಲಿದ್ದಾರೆ. ಅಂಟಿಕೊಂಡಿರುವುದೇ ಧರ್ಮ ಎಂದು ಅಮ್ಮನಿಗೂ ಹೇಳಿದ್ದರು. ಅವಳು ಬಸ್ ಚಾರ್ಜಿಗೆ ಕೈಯೊಡ್ಡಿದ್ದು ಆ ಧರ್ಮದಲ್ಲೇ. ಕೋಶ ಕೊಟ್ಟ ಆಸರೆಗೆ ಲೆಕ್ಕ ಕೇಳುವುದಿಲ್ಲ, ಹಂಗಿಸುವುದಿಲ್ಲ. ಮನುಷ್ಯ ಹಂಗಿಸುತ್ತಾನೆ. ಅಮ್ಮ ನನಗೊಂದು ಗೋಡೆ ಬಯಸಿದ್ದರಲ್ಲಿ ತಪ್ಪಿರಲಿಲ್ಲ. ಅದರಲ್ಲಿ ಕಂಡಿ ಇರಬಾರದೆಂದು ಸೇರಿಸಿಕೊಂಡವಳು ನಾನೇ ಇರಬೇಕು.

ಮುಂದಿನ ವಾರ ಆ ಹುಡುಗಿಗೆ, ಅವತ್ತು ಹೇಳಿದ್ದು ಅರ್ಧ ಉತ್ತರ ಎಂದು ಹೇಳಿ ಉಳಿದದ್ದನ್ನು ವಿವರಿಸಿದೆ. ಭಾನುವಾರ ಅಮ್ಮನಿಗೆ ಫೋನ್ ಮಾಡಿ ಮೆಸ್ ಬಿಲ್ಲಿನ ವಿಷಯ ತಿಳಿಸಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, "ಕೊಡುವಾಗ ಅವನೇನಾದ್ರೂ ಅಂದ್ನಾ?" ಎಂದು ಕೇಳಿದಳು. ಇಲ್ಲ ಎಂದೆ.

"ಹಂಗಾದ್ರೆ ಸರಿ ಬಿಡು," ಅಂದಳು.